ಅವಿರೋಧ

ಲಿಫ್ಟಿನ ಪಕ್ಕ ಚುನಾವಣೆಯ ನೋಟಿಸು ಅಂಟಿಸಿದ್ದರು. ಹಸಿ ಗೋಂದಿನ ವಾಸನೆಗೆ, ಅಪ್ಪ ಪೋಸ್ಟರ್ ಅಂಟಿಸಲು ಗೋಂದು ಕಲಸಿಟ್ಟಿದ್ದ ಜಯನಗರದ ನಮ್ಮ ಹಳೆಯ ನಡುಮನೆ ನೆನಪಾಯಿತು.

ಅಪ್ಪ ಬಡಾವಣೆ ಸಂಘದ ಅಧ್ಯಕ್ಷ ಸ್ಥಾನಕ್ಕೆ ನಾಮಪತ್ರ ಹಾಕಿದ್ದರು. ನಾವು ಆಡುವ ಮೈದಾನವನ್ನು ಕಲ್ಯಾಣ ಮಂಟಪಕ್ಕೆ ಕೊಡಬಾರದೆಂಬುದೊಂದೇ ಅವರ ಹಟ. ನಾಮಪತ್ರ ವಾಪಸ್ ಪಡೆಯಲು ಅಂದು ಮೂರು ಗಂಟೆಯವರೆಗೆ ಸಮಯವಿತ್ತು. ಎರಡೂವರೆಗೆ ಹಳೆಯ ಅಧ್ಯಕ್ಷರ ಕಡೆಯ ಮೂವರು ಹಿರಿಯರು ಬಂದು ಕೂತರು. ಅಮ್ಮ ಕೊಟ್ಟ ಕಾಫಿಯನ್ನು ಮುಟ್ಟಲಿಲ್ಲ.

"ನೀವು ಹ್ಞೂಂ ಅನ್ನೋವರ್ಗೂ ಕುಡಿಯಲ್ಲ ಸಾರ್. ಅವಿರೋಧ ಆಗ್ಲಿ, ಬಡಾವಣೆ ಮರ್ಯಾದೆ ಪ್ರಶ್ನೆ."

ಕಾಫಿಯ ಮೇಲೆ ಕೆನೆ ಕಟ್ಟಿತು. ಮೂರಕ್ಕೆ ಐದು ನಿಮಿಷವಿದ್ದಾಗ ಅಪ್ಪ ವಾಪಸಾತಿ ಪತ್ರಕ್ಕೆ ಸಹಿ ಹಾಕಿದರು. ಮೂವರೂ ತಣ್ಣಗಿನ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಎದ್ದರು.

"ಅವಿರೋಧ ಅಂದ್ರೇನಪ್ಪಾ?" ಎಂದೆ.

"ಯಾರೂ ಬೇಡ ಅನ್ಲಿಲ್ಲ ಅಂತ, ಪುಟ್ಟಿ."

ಲೋಟ ಎತ್ತುತ್ತಿದ್ದ ಅಮ್ಮ, "ಅನ್ನೋಕೆ ಬಿಡ್ಲಿಲ್ಲ ಅಂತ," ಎಂದಳು.

ಅಪ್ಪ ತೀರಿಕೊಂಡು ತಿಂಗಳಾಯಿತು. ಜೆ.ಪಿ. ನಗರದ ಈ ಅಪಾರ್ಟ್‌ಮೆಂಟಿನ ಸಂಘಕ್ಕೆ ನಾನೂ ನಾಮಪತ್ರ ಹಾಕಿದ್ದೇನೆ. ವಾಪಸ್ ಪಡೆಯಲು ಇವತ್ತು ಮೂರು ಗಂಟೆಯೇ ಕೊನೆ. ಹತ್ತು ನಿಮಿಷ ಮೊದಲು ಬೆಲ್ ಆಯಿತು. ಕಿಂಡಿಯಲ್ಲಿ ನೋಡಿದೆ, ಮೂವರು. ಬೆಲ್ ಮತ್ತೆ ಮತ್ತೆ ಆಗುತ್ತಲೇ ಇತ್ತು. ನಾನು ಗಡಿಯಾರ ನೋಡುತ್ತ ನಿಂತೆ.

ಮೂರು ಹೊಡೆದ ಮೇಲೆ ಬಾಗಿಲು ತೆಗೆದು, ಕಾಫಿಗೆ ಕರೆದೆ.