ಮೀಠು ಬಿಟ್ಟ ಐದು ದಿನ

ಬೋಡಕ್‌ದೇವ್ ಬಡಾವಣೆಯಲ್ಲಿ ಅಪಾರ್ಟ್‌ಮೆಂಟುಗಳ ನಡುವೆ ಇನ್ನೂ ಎಮ್ಮೆ ಕಟ್ಟುವಷ್ಟು ಖಾಲಿ ಜಾಗ ಉಳಿದಿದ್ದ ದಿನಗಳವು. ವಿಮಾ ಕಚೇರಿಯಲ್ಲಿದ್ದ ಅಪ್ಪನಿಗೆ ಗದಗಿನಿಂದ ಅಹಮದಾಬಾದಿಗೆ ವರ್ಗವಾಗಿ, ನಾವು ಆ ಬೇಸಿಗೆಯಲ್ಲಷ್ಟೇ ಬಂದಿಳಿದಿದ್ದೆವು. ನನಗಾಗ ಹತ್ತು ವರ್ಷ. ಗುಜರಾತಿಯ ಗಂಧವಿರಲಿಲ್ಲ. ಅವ್ವನ ಹತ್ತಿರ ಟಿವಿ ಧಾರಾವಾಹಿ ನೋಡಿ ಕಲಿತ ಹಿಂದಿಯೊಂದಿತ್ತು. ತರಕಾರಿ ಗಾಡಿಯವನಿಂದ ಹಿಡಿದು ನನ್ನ ಶಾಲೆಯ ಪ್ರಿನ್ಸಿಪಾಲರ ತನಕ ಎಲ್ಲರ ಮೇಲೂ ಅದನ್ನೇ ಧೈರ್ಯವಾಗಿ ಬಳಸುತ್ತಿದ್ದಳು.

ನಮ್ಮ ಮೇಲಿನ ಮನೆಯಲ್ಲಿ ಹೇತಲ್ ಇದ್ದಳು. ನನ್ನದೇ ವಯಸ್ಸು, ನನ್ನದೇ ಕ್ಲಾಸು. ಉಳಿದದ್ದೆಲ್ಲ ಅವಳದು ನನಗಿಂತ ಒಂದು ಕೈ ಮೇಲೆ. ಅವಳ ಜಡೆ ಸೊಂಟ ದಾಟುತ್ತಿತ್ತು, ನನ್ನದು ಭುಜಕ್ಕೆ ಬಂದು ಹಟ ಹಿಡಿದು ನಿಂತಿತ್ತು. ಅವಳ ಅಜ್ಜಿ, ಎಲ್ಲರೂ ‘ಬಾ’ ಎಂದು ಕರೆಯುತ್ತಿದ್ದ ಅಜ್ಜಿ, ಅವಳ ಜೊತೆಯಲ್ಲೇ ಇದ್ದರು. ನನ್ನ ಅಜ್ಜಿ ಗದಗಿನಲ್ಲಿ ಉಳಿದಿದ್ದಳು. ಹೇತಲ್‌ಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಗೆಳತಿ ಅಂತ ಇದ್ದವಳೂ ಅವಳೊಬ್ಬಳೇ ಆದ್ದರಿಂದ, ಆ ಕಿಚ್ಚನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅವಳ ಜೊತೆ ಕುಂಟಾಬಿಲ್ಲೆ ಆಡುತ್ತಿದ್ದೆ.

ಆಷಾಢ ಬಂತು. ನಮ್ಮ ಅಪಾರ್ಟ್‌ಮೆಂಟು ಸೊಸೈಟಿಯ ಹುಡುಗಿಯರೆಲ್ಲ ಗೌರಿವ್ರತಕ್ಕೆ ತಯಾರಾದರು. ಪುಟ್ಟ ಬುಟ್ಟಿಯಲ್ಲಿ ಮಣ್ಣು ತುಂಬಿ ಗೋಧಿ ಬಿತ್ತಬೇಕು, ಮೊಳೆತ ಸಸಿಗಳಿಗೆ ಜವಾರಾ ಎನ್ನುತ್ತಾರೆ. ಐದು ದಿನ ಬೆಳಿಗ್ಗೆ ಹೊಸ ಬಟ್ಟೆ ತೊಟ್ಟು, ಆ ಬುಟ್ಟಿ ಹಿಡಿದು ಗುಡಿಗೆ ಹೋಗಬೇಕು. ಬಾ ನಮ್ಮ ಬಾಗಿಲಿಗೆ ಬಂದು, ನಿಮ್ಮ ಗಿರಿಜಾನೂ ವ್ರತಕ್ಕೆ ಕೂರಲಿ ಎಂದು ಅವ್ವನಿಗೆ ಹೇಳಿಹೋದರು. ಅವ್ವ ಒಳಗೆ ಬಂದವಳೇ ನನಗೆ ನಿಯಮ ಒಪ್ಪಿಸಿದಳು.

“ಮೊಳಾಕತ್ ಅಂತನೂ ಅಂತಾರಂತ ಇದಕ್ಕ. ಅಂದ್ರ ಮೊಳಿಯಾಕತ್ತೇತಿ ಅಂತ ಇರಬೇಕು, ನೋಡು, ನಮ್ಮ ಮಾತ ಐತಿ! ಐದು ದಿವಸ ಮೀಠಾ ತಿನಬಾರದಂತ. ಆಗತೈತೇನು ನಿನ್ನ ಕೈಲೆ?”

“ಚಾದಾಗೂ ಸಕ್ರಿ ಹಾಕೂಹಂಗಿಲ್ಲೇನು?”

“ಇಲ್ಲ. ವ್ರತ ಅಂದ್ರ ವ್ರತ.”

ಅಜ್ಜಿ ಕಳಿಸಿದ್ದ ಶೇಂಗಾ ಉಂಡಿಯ ಡಬ್ಬಿ ಕಪಾಟಿನಲ್ಲೇ ಇತ್ತು. ಸಿಹಿ ಕಂಡರೆ ಬಾಯಿ ಬಿಡುವವಳು ನಾನು. ಆದರೂ ಆ ಡಬ್ಬಿಯನ್ನು ಮುಟ್ಟಲಿಲ್ಲ. ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗಲೂ ಮುಟ್ಟಲಿಲ್ಲ, ಯಾಕೆಂದರೆ ನಾನು ಒಬ್ಬಳೇ ಇರುತ್ತಿರಲಿಲ್ಲ. ಗೌರಿ ನೋಡುತ್ತಿದ್ದಳು. ಬೆನ್ನ ಹಿಂದೆ ಸ್ವಲ್ಪ ಮೇಲೆ, ಕಪಾಟಿನ ಎತ್ತರದಲ್ಲಿ ಅವಳಿದ್ದಾಳೆಂದು ನನಗೆ ಖಾತ್ರಿಯಿತ್ತು. ಆ ಊರಿಗೆ ಬಂದ ಮೇಲೆ ನನಗೆ ಹೆದರಿಕೆ ಇಲ್ಲದ ದಿನಗಳೆಂದರೆ ಅವೇ. ಮಾತು ಬಾರದ ಕ್ಲಾಸಿನಲ್ಲಿ ಕಡೆಯ ಬೆಂಚಿನಲ್ಲಿ ಕೂತಾಗಲೂ ಅವಳು ಜೊತೆಗಿದ್ದಳು. ಹುಡುಗಿಯರೆಲ್ಲ ವ್ರತ ಹಿಡಿಯುವುದು ಒಳ್ಳೆಯ ಗಂಡ ಸಿಗಲೆಂದು. ನಾನು ಕೇಳಿದ್ದು ಹೇತಲ್‌ಗಿಂತ ಉದ್ದದ ಜಡೆ.

ಹೇತಲ್ ಮಾತ್ರ ಮೆಟ್ಟಿಲ ಮೇಲೆ ಕೂತು, ನನ್ನ ಕಣ್ಣೆದುರಿಗೇ, ತುಪ್ಪ ಸುರಿಯುವ ಶೀರೋ ತಿನ್ನುತ್ತಿದ್ದಳು. ಶೀರೋ ಎಂದರೆ ನಮ್ಮ ಶಿರಾನೇ. ಬಾದಾಮಿ ಹಾಕಿದ ಸಿಹಿ ಹಾಲು ಬೇರೆ. ನನಗೆ ಬಾಯಲ್ಲಿ ನೀರು, ಕಣ್ಣಲ್ಲಿ ಬೆಂಕಿ. ವ್ರತ ಮುರಿದು ಹೀಗೆ ರಾಜಾರೋಷವಾಗಿ ಕೂತಿದ್ದಾಳಲ್ಲ! ಗುಡಿಯಲ್ಲಿ ಕೈ ಮುಗಿದಾಗ ಗೌರಿಗೆ ಚಾಡಿ ಹೇಳಿದೆ. ಕನ್ನಡದಲ್ಲೇ ಹೇಳಿದೆ, ನೋಡವಾ ಅವಳು ಏನು ಮಾಡಾಕತ್ತಾಳ ಅಂತ.

ನಾಲ್ಕನೆಯ ದಿನ ಪೂಜೆ ಮುಗಿಸಿ ಗುಡಿಯ ಕಟ್ಟೆಯ ಮೇಲೆ ಎಲ್ಲರೂ ಡಬ್ಬಿ ಬಿಚ್ಚಿದೆವು. ಅವ್ವ ಒಗ್ಗರಣೆ ಅವಲಕ್ಕಿ ಕಟ್ಟಿದ್ದಳು, ಮೇಲೆ ಕರಿದ ಶೇಂಗಾ. ಹೇತಲ್ ಸಲಿಗೆಯಿಂದ ಕೈ ಹಾಕಿ ಒಂದು ಮುಕ್ಕು ಬಾಯಿಗೆ ಹಾಕಿಕೊಂಡಳು. ಅಗಿಯುತ್ತಿದ್ದವಳು ತಟ್ಟನೆ ನಿಲ್ಲಿಸಿದಳು. ಮುಖ ಬಿಳಿಚಿತು. ಬಾಯಲ್ಲಿದ್ದುದನ್ನೆಲ್ಲ ಅಂಗೈಗೆ ಉಗಿದು ಕಿರುಚಿದಳು.

“ಆಮಾಂ ತೋ ಮೀಠುಂ ಛೇ!”

“ಚೀನೀ ನಹೀ ಡಾಲೀ,” ಎಂದೆ ನಾನು. ಸಕ್ಕರೆ ಹಾಕಿಲ್ಲ ಮಾರಾಯ್ತಿ.

“ಚೀನೀ ನಹೀ! ಮೀಠುಂ! ನಮಕ್, ನಮಕ್!” ಬೆರಳಿನಿಂದ ಚಿಟಿಕೆ ಉದುರಿಸುವ ಹಾಗೆ ಮಾಡಿ ತೋರಿಸಿದಳು.

ಹಿಂದಿಯ ಮೀಠಾ ಸಿಹಿ. ಗುಜರಾತಿಯ ಮೀಠುಂ ಉಪ್ಪು. ಅವ್ವನಿಗೆ ಬಾ ಹೇಳಿದ್ದು ಉಪ್ಪು ಬಿಡಬೇಕೆಂದು. ನಾನು ಸಕ್ಕರೆ ಬಿಟ್ಟು, ಹೊತ್ತು ಹೊತ್ತಿಗೂ ಉಪ್ಪುಂಡು, ಅದೇ ಬಾಯಲ್ಲಿ ಗೌರಿಯ ಹಾಡು ಹಾಡಿದ್ದೆ. ಸಾಲದ್ದಕ್ಕೆ ಹೇತಲ್‌ಳ ವ್ರತವನ್ನೂ ಕೆಡಿಸಿದ್ದೆ.

ಮನೆಗೆ ಓಡಿಬಂದು ಅವ್ವನಿಗೆ ಹೇಳಿದೆ. ಅವ್ವ ಮೊದಲು ಕಣ್ಣು ಕಣ್ಣು ಬಿಟ್ಟಳು, ಆಮೇಲೆ ಸೆರಗು ಬಾಯಿಗೆ ಹಿಡಿದು ನಗತೊಡಗಿದಳು. ನಾನು ಅಳುವುದು ನೋಡಿ ಹತ್ತಿರ ಎಳೆದುಕೊಂಡಳು.

“ಯಾಕವಾ ಅಳಾಕತ್ತಿ? ದೇವರು ಇಷ್ಟೆಲ್ಲಾ ನೋಡಕೋತ ಕುಂದರತಾನೇನು? ಹೋಗಲಿ ಬಿಡು.”

ಸಮಾಧಾನಕ್ಕೆ ಆಡಿದ ಮಾತು. ಅವ್ವ ದಿನವೂ ವಿಭೂತಿ ಹಚ್ಚಿ, ಲಿಂಗಪೂಜೆ ಮಾಡದೆ ನೀರು ಕುಡಿಯದವಳು. ಅವಳ ನಂಬಿಕೆಗೆ ಆ ಮಾತಿನಿಂದ ಏನೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಹೇತಲ್‌ಳ ಜವಾರಾ ಬಿದ್ದಿತ್ತು. ರಾತ್ರಿಯೆಲ್ಲ ನೀರು ನಿಂತು, ಹಳದಿಯಾಗಿ, ಬುಟ್ಟಿಯ ಅಂಚಿಗೆ ತಲೆ ಚೆಲ್ಲಿ ಮಲಗಿತ್ತು. ಅವಳು ಅತ್ತ ಅಳು ಮೂರೂ ಅಂತಸ್ತಿಗೆ ಕೇಳಿಸಿತು. ಬಾ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು, “ಮಾ ಬಧುಂ ಜುಏ ಛೇ,” ಎಂದರು. ತಾಯಿ ಗೌರಿ ಎಲ್ಲವನ್ನೂ ನೋಡುತ್ತಾಳೆ. ಕರೆದುಕೊಂಡು ಹೋಗಿ ಗೌರಿಯ ಮುಂದೆ ಕಿವಿ ಹಿಡಿಸಿದರು, ಇನ್ನೊಂದು ದಿನ ಹೆಚ್ಚಿಗೆ ಉಪ್ಪು ಬಿಡು ಎಂದರು. ಬಾಯಿಗೆ ಬಿದ್ದ ಒಂದು ಮುಕ್ಕು ಅವಲಕ್ಕಿಗೆ ಇಷ್ಟೆಲ್ಲ. ಸಂಜೆಗೆ ಹೇತಲ್ ಮುಖ ತೊಳೆದುಕೊಂಡು, ಮಾ ಮಾಫ್ ಮಾಡಿದಳು ಎಂದು ಹಗುರಾಗಿ ಕೆಳಗಿಳಿದು ಬಂದಳು.

ಮತ್ತೆ ನನ್ನ ಬುಟ್ಟಿ? ನನ್ನ ಗೋಧಿ ಗೇಣುದ್ದ ಎದ್ದು, ಹಸಿರು ಉಕ್ಕುವ ಹಾಗೆ ನಿಂತಿತ್ತು. ಇಡೀ ಸೊಸೈಟಿಯಲ್ಲಿ ಅಂಥ ಜವಾರಾ ಇನ್ನೊಂದಿರಲಿಲ್ಲ.

ನನಗೂ ಕಿವಿ ಹಿಡಿಸಿ ಎಂದು ಬಾ ಹತ್ತಿರ ಹೋದೆ. ಅವರು ನನ್ನ ಬುಟ್ಟಿ ನೋಡಿ, ತಲೆ ಸವರಿ, ನಿನ್ನ ಮೇಲೆ ಮಾಗೆ ಪ್ರೀತಿ, ತಿಳಿಯದೆ ತಿಂದವಳಿಗೆ ಪಾಪವಿಲ್ಲ ಎಂದು ವಾಪಸು ಕಳಿಸಿದರು. ಮೆಟ್ಟಿಲ ಹತ್ತಿರ ಹೆಂಗಸರು ಅವ್ವನನ್ನು ಸುತ್ತುವರಿದಿದ್ದರು. ಅವ್ವ ಹಿಗ್ಗಿನಿಂದ ಹೇಳುತ್ತಿದ್ದಳು, ನಾವು ಊರಲ್ಲಿ ನವರಾತ್ರಿಗೆ ಘಟ ಹಾಕುತ್ತೇವೆ, ಗೋಧಿ ರಾತ್ರಿ ನೆನೆಸಿ, ಮಣ್ಣಿಗೆ ಬೂದಿ ಬೆರೆಸಿದರೆ ಯಾರು ಬಿತ್ತಿದರೂ ಹೀಗೇ ಏಳುತ್ತದೆ.

ಯಾರು ಬಿತ್ತಿದರೂ.

ಆಗ ಮೊದಲು ಅನಿಸಿದ್ದು, ಗೌರಿಗೆ ಕನ್ನಡ ಬರುವುದಿಲ್ಲ ಎಂದು. ಹೇತಲ್ ಅವಳ ಕಣ್ಣಿಗೆ ಬೀಳುತ್ತಾಳೆ, ನಾನು ಬೀಳುವುದಿಲ್ಲ. ಮೈಯೆಲ್ಲ ಉರಿಯಿತು. ಜಡೆಗೆ, ಶೀರೋಗೆ ಪಟ್ಟ ಹೊಟ್ಟೆಕಿಚ್ಚು ಅದರ ಮುಂದೆ ಏನೂ ಅಲ್ಲ. ಅವಳನ್ನು ಯಾರೋ ಮೇಲಿಂದ ನೋಡಿ, ಸಿಟ್ಟಾಗಿ, ಶಿಕ್ಷೆ ಕೊಟ್ಟು, ಮತ್ತೆ ರಾಜಿಯಾಗಿದ್ದರು. ನನಗೆ ಒಂದು ಬೈಗುಳವೂ ಇಲ್ಲ.

ವ್ರತ ಮುಗಿದ ಮರುದಿನ ಶಾಲೆಗೆ ಹೊರಡುವ ಮೊದಲು ದೇವರ ಜಗಲಿಯ ಮುಂದೆ ನಿಂತೆ. ಅಡುಗೆಮನೆಯಿಂದ ಚಿಟಿಕೆ ಉಪ್ಪು ತಂದಿದ್ದೆ. ಬೇಕೆಂದೇ, ದೀಪದ ಕಡೆ ನೋಡುತ್ತಲೇ, ನಾಲಗೆಯ ಮೇಲೆ ಇಟ್ಟುಕೊಂಡೆ. ಈಗಂತೂ ತಿಳಿದೇ ತಿಂದಿದ್ದೆ. ಉಪ್ಪು ಕರಗಿತು. ಬೆನ್ನ ಹಿಂದೆ, ಕಪಾಟಿನ ಎತ್ತರದಲ್ಲಿ, ಯಾರೂ ಇರಲಿಲ್ಲ.

“ಗಿರೀ, ರಿಕ್ಷಾ ಬಂತು!” ಎಂದು ಅವ್ವ ಕೂಗಿದಳು.

ಅದಾದ ಮೇಲೆ ಕೆಲವು ದಿನ ಹೆದರಿಕೆ. ಆಮೇಲೆ ಶಾಲೆಗೆ ರಜೆ ಸಿಕ್ಕಂಥ ಖುಷಿ. ಉಂಡಿಯ ಡಬ್ಬಿಯನ್ನು ಖಾಲಿ ಮಾಡಿದೆ. ಆ ಖುಷಿ ಮುಗಿದ ಮೇಲೆ ಉಳಿದದ್ದು ಬೇಜಾರು. ಕಡೆಯ ಬೆಂಚಿನಲ್ಲಿ ನಾನೊಬ್ಬಳೇ ಕೂತೆ. ಅವ್ವನ ಮುಖ ನೋಡಿ ಕೈ ಮುಗಿಯುವುದನ್ನು ಬಿಡಲಿಲ್ಲ, ಅವಳು ಇರುವ ತನಕವೂ ಮುಗಿದೆ. ದೇವರಿಲ್ಲವೆಂದು ಎದೆ ತಟ್ಟಿಕೊಂಡು ವಾದ ಮಾಡುವವಳೂ ಆಗಲಿಲ್ಲ. ಸುಮ್ಮನೆ, ನನ್ನ ಪಾಲಿಗೆ ಆ ಜಾಗ ಖಾಲಿಯಾಗಿತ್ತು.

ಹೇತಲ್ ಈಗ ಸೂರತ್‌ನಲ್ಲಿದ್ದಾಳೆ. ಅವಳ ಜಡೆ ಈಗ ಕತ್ತಿನವರೆಗಿನ ಕ್ರಾಪು, ಅದರ ಲೆಕ್ಕ ಸರಿಹೋಯಿತು. ಕೆಲವು ವರ್ಷಗಳ ಹಿಂದೆ ಅವಳ ತಂದೆ ತೀರಿಕೊಂಡಾಗ ಅವಳು ಗೌರಿಮಾಳ ಫೋಟೋವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟಳಂತೆ. ತಿಂಗಳುಗಟ್ಟಲೆ ದೀಪವಿಲ್ಲ, ಮಾತಿಲ್ಲ. “ಎಷ್ಟು ಬೈದೆ ಗೊತ್ತಾ ಗಿರ್ಜಾ, ಬಾಯಿಗೆ ಬಂದದ್ದೆಲ್ಲ ಬೈದೆ,” ಎಂದು ಫೋನಿನಲ್ಲಿ ಹೇಳಿದಳು. ಆಷಾಢದಲ್ಲಿ ಮಗಳು ಬುಟ್ಟಿ ತಂದಾಗ ಫೋಟೋ ತಿರುಗಿಸಿ, ಅತ್ತು, ರಾಜಿಯಾದಳಂತೆ. ದನಿಯಲ್ಲಿ ಅದೇ ಮುಖ ತೊಳೆದುಕೊಂಡು ಬಂದ ಹುಡುಗಿಯ ಹಗುರ.

ಹೋದ ವರ್ಷ ನನ್ನ ಅವ್ವ ಹೋದಳು. ನಾನು ವಾರ್ಡಿನ ನರ್ಸಮ್ಮನ ಮೇಲೆ ಕೂಗಾಡಿದೆ, ಬಾರದ ಲಿಫ್ಟಿಗೆ ಗುದ್ದಿದೆ, ಗಂಡ ಕಾರು ನಿಧಾನ ಓಡಿಸಿದನೆಂದು ಇವತ್ತಿಗೂ ಅವನ ಮೇಲೆ ಹಾಯುತ್ತೇನೆ. ಹೇತಲ್ ಫೋನು ಮಾಡಿ, “ನೀನು ಮಾ ಮೇಲೆ ಮುನಿಸಿಕೊಳ್ಳಲಿಲ್ಲವಾ?” ಎಂದಳು. ನೆಟ್‌ವರ್ಕ್ ಸರಿಯಿಲ್ಲ ಎಂದು ಫೋನಿಟ್ಟೆ. ಮತ್ತೆ ಅದೇ ಹೊಟ್ಟೆಕಿಚ್ಚು.

ನಾನೀಗ ಇರುವುದು ಅಹಮದಾಬಾದಿನದೇ ಅಂಚಿನ ಬೋಪಾಲ್‌ ಬಡಾವಣೆಯಲ್ಲಿ. ಬೆಳಗಿನ ವಾಕಿಂಗ್ ಮುಗಿಸಿದವರಿಗೆ ಗಾರ್ಡನ್ನಿನ ಗೇಟಿನಲ್ಲಿ ಒಬ್ಬ ಜವಾರಾ ರಸ ಮಾರುತ್ತಾನೆ. ಅದೇ ಗೋಧಿಯ ಸಸಿ. ರಕ್ತಕ್ಕೆ ಒಳ್ಳೆಯದಂತೆ, ಡಾಕ್ಟರು ಕುಡಿ ಎಂದಿದ್ದಾರೆ. ಈ ಆಷಾಢದಲ್ಲೂ ಹೊಸ ಬಟ್ಟೆ ತೊಟ್ಟ ಹುಡುಗಿಯರು ಬುಟ್ಟಿ ಹಿಡಿದು ಆ ಗೇಟಿನ ಮುಂದೆಯೇ ಗುಡಿಗೆ ಹೋಗುತ್ತಿದ್ದರು. ರಸದವನು ಗ್ಲಾಸು ತುಂಬಿಸಿ ಎಂದಿನಂತೆ ಕೇಳಿದ.

“ಬೇನ್, ಮೀಠುಂ ನಾಖುಂ?”

ಹಾಕು ಎಂದೆ. ಅವನು ಚಿಟಿಕೆ ಉಪ್ಪು ಉದುರಿಸಿದ. ಹುಡುಗಿಯರು ನೋಡುವ ಹಾಗೆ ಗ್ಲಾಸನ್ನು ಎತ್ತಿ ಹಿಡಿದು ಕುಡಿದೆ. ಕುಡಿದು, ಖಾಲಿ ಗ್ಲಾಸು ಕೈಯಲ್ಲಿ ಹಿಡಿದು, ಯಾರಾದರೂ ಬೈಯುತ್ತಾರೇನೋ ಎಂದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.