ಚಿಕ್ಕಪ್ಪನ ಹಾರ್ಮೋನಿಯಂ ಎಲ್ಲಿಗೆ ಹೋಯಿತು?

ಗೆಳೆಯರೇ, ಬೆಳಿಗ್ಗೆ ದಿಬ್ಬೂರಹಳ್ಳಿಯಿಂದ ಚಿಕ್ಕಮ್ಮ ಫೋನ್ ಮಾಡಿ, "ನಿಮ್ಮ ಚಿಕ್ಕಪ್ಪ ಕಾಣಿಸ್ತಿಲ್ಲ ಕಣಮ್ಮ" ಎಂದರು. ಚಿಕ್ಕಪ್ಪ ತೀರಿಕೊಂಡು ವರ್ಷಗಳಾಗಿವೆ. ಏನಾಯ್ತೆಂದು ಬಿಡಿಸಿ ಕೇಳಿದೆ.

ಆಮೇಲೆ ಅರ್ಥವಾಯಿತು. ಚಿಕ್ಕಪ್ಪ ಹಾರ್ಮೋನಿಯಂ ನುಡಿಸಿದ್ದ ಹಳೆಯ ಪೌರಾಣಿಕ ನಾಟಕದ ರೆಕಾರ್ಡಿಂಗ್ ಒಂದು ಆ್ಯಪ್‌ನಲ್ಲಿ ಸಿಕ್ಕಿತ್ತು. ದುಡ್ಡು ಕೊಟ್ಟು ಕೊಂಡು ಚಿಕ್ಕಮ್ಮನ ಫೋನಿಗೆ ಹಾಕಿಕೊಟ್ಟಿದ್ದೆ. ಇವತ್ತು ಅಲ್ಲಿ "ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ" ಎಂದು ಬರುತ್ತಿದೆ.

"ಹಂಗಂದ್ರೆ ಚಿಂತಾಮಣಿಗೆ ಹೋದ್ರೆ ಕೇಳಿಸ್ತದಾ?" ಎಂದರು ಚಿಕ್ಕಮ್ಮ.

ಆ್ಯಪ್‌ನವರಿಗೆ ಫೋನ್ ಮಾಡಿದೆ. ಅಲ್ಲಿದ್ದ ಹುಡುಗಿ, "ನೀವು ತಗೊಂಡಿದ್ದು ಕೇಳೋ ಅನುಮತಿ ಮೇಡಂ, ನಾಟಕ ಅಲ್ಲ" ಎಂದಳು.

"ಮತ್ತೆ 'ಖರೀದಿಸಿ' ಅಂತ ಯಾಕಮ್ಮ ಬರೆದಿದ್ರಿ?"

"ಅದು ಬಟನ್ ಹೆಸರು ಮೇಡಂ."

ಫೋನ್ ಇಟ್ಟೆ. ಚಿಕ್ಕಬಳ್ಳಾಪುರದಲ್ಲಿರುವ ಚಿಕ್ಕಮ್ಮನ ಮಗಳು ಸುಧಾಗೆ ವಿಷಯ ತಿಳಿಸಿದೆ.

"ಅಯ್ಯೋ ಅಕ್ಕ, ಅಮ್ಮ ಅಡುಗೆಮನೇಲಿ ಅದನ್ನ ಹಾಕ್ಕೊಂಡಿದ್ದಾಗ ನಾನು ಸುಮ್ನೆ ನನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದ್ದೆ, ತಡಿ" ಎಂದು ಕಳಿಸಿಕೊಟ್ಟಳು. ಹಾರ್ಮೋನಿಯಂ ಇದೆ. ನಡುವೆ ಕುಕ್ಕರ್ ಕೂಗುತ್ತದೆ. "ಈ ಬೇಳೆ ಬೇಯೋದೇ ಇಲ್ಲ" ಎಂದು ಚಿಕ್ಕಮ್ಮ ಗೊಣಗುವುದೂ ಕೇಳಿಸುತ್ತದೆ.

ಅದನ್ನೇ ಚಿಕ್ಕಮ್ಮನಿಗೆ ಕಳಿಸಿದೆ. ಪೂರ್ತಿ ಕೇಳಿದ ಮೇಲೆ ಫೋನ್ ಮಾಡಿ, "ಇದೇ ಚೆನ್ನಾಗೈತೆ ಕಣಮ್ಮ, ಇದ್ರಲ್ಲಿ ಇಬ್ರೂ ಇದೀವಿ" ಎಂದರು.

ಪೆನ್‌ಡ್ರೈವ್‌ಗೂ ಒಂದು ಪ್ರತಿ ಹಾಕಿಟ್ಟಿದ್ದೇನೆ. ಇದು ಕಾನೂನಿಗೆ ಸರಿಯೋ ತಪ್ಪೋ ಗೊತ್ತಿಲ್ಲ. ಕೇಳಿ ತಿಳಿದುಕೊಳ್ಳೋಣವೆಂದರೆ, ಆ ಹುಡುಗಿಗೆ ಮತ್ತೆ ಫೋನ್ ಮಾಡುವ ಧೈರ್ಯ ನನಗಿಲ್ಲ.