ನಾಲ್ಕು ನೀರಿಗೂ ಒಂದೇ ದಾರ

ಲಕ್ಷ್ಮಣತೀರ್ಥ ಬೇಸಿಗೆಯಲ್ಲಿ ಹೊಳೆಯಾಗಿ ಉಳಿಯುವುದಿಲ್ಲ. ಶಿವರಾತ್ರಿ ಕಳೆದರೆ ಬಂಡೆಗಳ ನಡುವೆ ಅಲ್ಲಲ್ಲಿ ನಿಂತ ನೀರಾಗುತ್ತದೆ. ವೀರನಹೊಸಹಳ್ಳಿಯಿಂದ ಒಂದು ಹರದಾರಿ ಕೆಳಗೆ, ಗಾಳಕ್ಕೆ ಹೆಸರಾದ ಅಂಕಯ್ಯನ ಊರಿನ ಬಳಿ ಮಾತ್ರ ಕೆಂಗಲ್ಲ ಮಡು ಬತ್ತುತ್ತಿರಲಿಲ್ಲ. ಸುತ್ತ ಹೊಳೆಮತ್ತಿ ಮರಗಳು ಬಾಗಿಕೊಂಡಿದ್ದುದರಿಂದ ದಾರಿಯಲ್ಲಿ ಹೋಗುವವರಿಗೆ ಅಲ್ಲೊಂದು ಮಡು ಇದೆಯೆಂದೇ ತಿಳಿಯುತ್ತಿರಲಿಲ್ಲ.

ಆ ಮಡುವನ್ನು ನಂಬಿ ಹನ್ನೆರಡು ಮನೆಗಳಿದ್ದವು. ಅದಕ್ಕೆ ಬಲೆ ಹಾಕುವಂತಿರಲಿಲ್ಲ. ದಿನಕ್ಕೆ ಒಂದು ಮನೆಯ ಸರದಿ, ಒಂದೇ ಗಾಳ, ಎರಡೇ ಮೀನು. ಮೂರನೆಯದು ಕಚ್ಚಿದರೆ ಬಿಡಿಸಿ ನೀರಿಗೇ ಬಿಡಬೇಕು. ಯಾರ ತಾತ ಈ ಕಟ್ಟುಪಾಡು ಮಾಡಿದನೋ ಯಾರಿಗೂ ಗೊತ್ತಿರಲಿಲ್ಲ, ಆದರೆ ಮೀರಿದವರಿಲ್ಲ. ಅದರಿಂದಲೇ ಅಲ್ಲಿ ಮೊಣಕಾಲುದ್ದದ ಬಿಳಿಮೀನುಗಳು ಉಳಿದಿದ್ದವು.

ಸಾವಿರದ ಒಂಬೈನೂರ ಮೂವತ್ತೊಂದರ ಬೇಸಿಗೆಯಲ್ಲಿ ಮೈಸೂರಿನಿಂದ ಒಬ್ಬ ದೊಡ್ಡ ಅಧಿಕಾರಿ ಹುಣಸೂರಿನ ಮುಸಾಫರಿ ಬಂಗಲೆಗೆ ಬಂದಿಳಿದರು. ವಿಲಾಯಿತಿಗೆ ಹೋಗಿ ಓದಿ ಬಂದವರು, ಗರಿಯಲ್ಲಿ ಕಟ್ಟಿದ ಹುಸಿಹುಳು ಎಸೆದು ಮೀನು ಹಿಡಿಯುವ ಹುಚ್ಚು ಹತ್ತಿಸಿಕೊಂಡಿದ್ದರು. ಗಾಳ ಬಲ್ಲವನು ಬೇಕೆಂದು ಅವರ ಜವಾನ ಚಿಕ್ಕಬಸಪ್ಪ ಅಂಕಯ್ಯನನ್ನು ಕರೆಯಲು ಬಂದ.

ಹೊರಡುವಾಗ ಅಣ್ಣ ದೇವಯ್ಯ ತಮ್ಮನ ಹೆಗಲು ಹಿಡಿದು ನಿಲ್ಲಿಸಿದ. "ಎಲ್ಲಿಗಾರ ಕರ್ಕೊಂಡೋಗು. ಮಡು ಮಾತ್ರ ತೋರ್ಸಬ್ಯಾಡ ಕಣ್ಲಾ."

"ನಂಗೇನು ತಲೆ ಕೆಟ್ಟದಾ? ಬುಡು," ಎಂದ ಅಂಕಯ್ಯ.

ಬಂಗಲೆಯ ಜಗಲಿಯಲ್ಲಿ ಸಾಹೇಬರು ತಗಡಿನ ಪೆಟ್ಟಿಗೆ ತೆಗೆದು ಮೂರು ಸುತ್ತು ರೇಷ್ಮೆ ದಾರ ಹೊರಗಿಟ್ಟರು. "ನೋಡಯ್ಯ, ಈ ಹುಳುವಿಗೆ ತೂಕವಿಲ್ಲ. ನಾವು ಎಸೆಯೋದು ದಾರವನ್ನೇ. ಅದು ಹೋದ ಕಡೆ ಹುಳು ಹೋಗುತ್ತೆ. ಈ ದಪ್ಪದ್ದು ಕೆರೆಗೆ, ತೇಲುತ್ತೆ. ಈ ಸಣ್ಣದು ಹೊಳೆಗೆ, ಮುಳುಗುತ್ತೆ. ಇದು ಎರಡೂ ಅಲ್ಲ, ಅಂಗಡಿಯವನು ಸುಮ್ಮನೆ ಸೇರಿಸಿ ಕೊಟ್ಟಿದ್ದು. ದಿನಕ್ಕೊಂದು ಊರು ಅಲೆಯೋ ನನಗೆ ಮೂರನ್ನೂ ಬಿಚ್ಚಿ ಒಣಗಿಸೋಕೆ ಪುರಸೊತ್ತಿಲ್ಲ. ಹೋದ ವರ್ಷ ಒದ್ದೆಯಲ್ಲೇ ಸುತ್ತಿಟ್ಟು ಒಂದು ಕೊಳೆತೇ ಹೋಯಿತು. ಎಲ್ಲಾ ನೀರಿಗೂ ಆಗೋ ಒಂದನ್ನ ಆರಿಸಿಕೊಡು."

ಅಂಕಯ್ಯ ಮೂರನ್ನೂ ನೀರಲ್ಲಿ ಅದ್ದಿ, ಒಂದೊಂದನ್ನೂ ತುಟಿಗಳ ನಡುವೆ ಇಟ್ಟು ಎಳೆದು ನೋಡಿದ.

"ಸಾಹೇಬರ ದಾರಾನ ಎಂಜಲು ಮಾಡ್ತಿಯಲ್ಲೋ," ಎಂದ ಚಿಕ್ಕಬಸಪ್ಪ.

"ಬೆರಳೆಲ್ಲಾ ದಡ್ಡುಗಟ್ಟೋಗವೆ ಬುದ್ಧಿ," ಎಂದು ಅಂಕಯ್ಯ ಸಾಹೇಬರಿಗೇ ಹೇಳಿದ. "ತುಟಿಗೆ ಗೊತ್ತಾಯ್ತದೆ."

ಅವನು ಆರಿಸಿದ್ದು ಯಾರಿಗೂ ಬೇಡವಾದ ನಡುವಿನದನ್ನು. ಚಿಕ್ಕಬಸಪ್ಪ ಮುಖ ತಿರುಗಿಸಿ ನಕ್ಕ. ಅಂಕಯ್ಯ ಊರಿಗೆ ಬಂದು ಜೇನುಮೇಣವನ್ನು ಟಗರಿನ ಕೊಬ್ಬಿನ ಜೊತೆ ಕರಗಿಸಿ ಒಂದು ಡಬ್ಬಿಯಲ್ಲಿ ತುಂಬಿಕೊಂಡು ಹೋದ. ಕೆರೆಯಾದರೆ ದಾರಕ್ಕೆ ಪೂರ್ತಿ ಸವರಬೇಕು, ತೇಲುತ್ತದೆ. ಹೊಳೆಯಾದರೆ ತುದಿಯ ನಾಲ್ಕು ಮಾರನ್ನು ಬೂದಿ ಬಟ್ಟೆಯಿಂದ ಉಜ್ಜಿ ಮೇಣ ತೆಗೆಯಬೇಕು. ಆಗ ಹಿಂದಿನದು ತೇಲಿ ಕಣ್ಣಿಗೆ ಕಾಣುತ್ತದೆ, ತುದಿ ಮುಳುಗಿ ಹುಳುವನ್ನು ಕೆಳಗಿಳಿಸುತ್ತದೆ. ದಪ್ಪದ್ದು ಹೊಳೆಯ ಸೆಳೆತಕ್ಕೆ ಬಿಲ್ಲಿನಂತೆ ಬಾಗುತ್ತಿತ್ತು, ಸಣ್ಣದು ಕೆರೆಯ ಗಾಳಿಯಲ್ಲಿ ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ನಡುವಿನದಕ್ಕೆ ಎರಡು ತೊಂದರೆಯೂ ಇರಲಿಲ್ಲ.

ಹಾರನಹಳ್ಳಿ ಕಡೆಯ ಕೆರೆಯೊಂದರಲ್ಲಿ ಆ ದಾರಕ್ಕೆ ಹನ್ನೊಂದು ಗೆಂಡೆಮೀನು ಬಿದ್ದವು. ಸಾಲಿಗ್ರಾಮದ ಕೆಳಗೆ ಕಾವೇರಿಯ ಸೆಳೆತದಲ್ಲಿ ಎರಡು ಬಿಳಿಮೀನು, ಕೋಟೆ ತಾಲ್ಲೂಕಿನಲ್ಲಿ ಕಬಿನಿಯಲ್ಲೊಂದು. ಪ್ರತಿ ಸಂಜೆ ಅಂಕಯ್ಯ ದಾರವನ್ನು ನೆರಳಲ್ಲಿ ಎರಡು ಮರಗಳ ನಡುವೆ ಹರಡಿ ಒಣಗಿಸಿ, ಮಗುವಿನ ಜುಟ್ಟು ಕಟ್ಟಿದಷ್ಟು ಮೆಲ್ಲಗೆ ಸುತ್ತಿಡುತ್ತಿದ್ದ. ಸಾಹೇಬರು ಊಟಕ್ಕೆ ಬಂದ ಅಮಲ್ದಾರರ ಮುಂದೆ, "ನನ್ನ ಉಪಾಯ ಹೇಗಿದೆ ನೋಡಿ," ಎಂದು ಮೇಣದ ಡಬ್ಬಿ ತೋರಿಸಿದರು. ಬಾಗಿಲಲ್ಲಿ ನಿಂತಿದ್ದ ಅಂಕಯ್ಯನಿಗೆ ಅದು ಕೇಳಿಸಿತು. ಆ ಮಾತು ಅವನೊಳಗೆ ಮುಳ್ಳಿನಂತೆ ಉಳಿಯಿತು.

ಮರುದಿನ ಬುತ್ತಿ ಬಿಚ್ಚುವಾಗ ಚಿಕ್ಕಬಸಪ್ಪ ಕೆಣಕಿದ. "ಕೆರೆ ಆಯ್ತು, ಹೊಳೆ ಆಯ್ತು. ಆಳದ ನಿಂತ ನೀರಲ್ಲಿ ದೊಡ್ಡ ಮೀನು ತಳಕ್ಕೆ ಎಳೀಲಿ, ಇವನ ದಾರ ಹರಿದು ನೂಲಾಯ್ತದೆ."

ಸಾಹೇಬರು ನಕ್ಕರು. "ಇರಬಹುದು. ಅಂಥ ಮಡು ಈ ಕಡೆ ಎಲ್ಲಿದೆ?"

ಅಂಕಯ್ಯ ಕೈಯಲ್ಲಿದ್ದ ಮುದ್ದೆಯನ್ನು ನೋಡುತ್ತ ಕುಳಿತ. ದಾರ ಆರಿಸಿದವನು ತಾನು, ಮೇಣ ಕಾಸಿದವನು ತಾನು. ಅದನ್ನು ಒಂದು ಸಲವಾದರೂ ಒಬ್ಬರಾದರೂ ಒಪ್ಪಬೇಕಿತ್ತು.

"ಅದೆ ಬುದ್ಧಿ," ಎಂದ. "ನಾಳೆ ನನ್ನ ಸರದಿ."

ಕೆಂಗಲ್ಲ ಮಡುವಿನಲ್ಲಿ ಎರಡನೆಯ ಎಸೆತಕ್ಕೇ ಬಿಳಿಮೀನು ಕಚ್ಚಿತು. ಮುಕ್ಕಾಲು ಗಂಟೆ ಎಳೆದಾಡಿತು. ದಾರ ಹರಿಯಲಿಲ್ಲ. ಮೇಲೆ ಬಂದ ಮೀನು ಚಿಕ್ಕಬಸಪ್ಪನ ಸೊಂಟದವರೆಗೆ ಇತ್ತು. ಸಾಹೇಬರು ಅಂಕಯ್ಯನ ಬೆನ್ನು ತಟ್ಟಿ, "ಆರಿಸಿದ್ದು ನೀನು ಕಣಯ್ಯ, ಒಪ್ಪಿದೆ," ಎಂದರು. ಅಂಕಯ್ಯನ ಕಣ್ಣು ತುಂಬಿತು. ಅವತ್ತು ಎರಡಲ್ಲ, ಏಳು ಮೀನು ದಡಕ್ಕೆ ಬಂದವು. ನಿಲ್ಲಿಸಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ತಿಂಗಳೊಳಗೆ ಮೈಸೂರಿನಿಂದ ಹುಕುಂ ಬಂತು. ಹಳ್ಳಿಯವರು ಬಲೆ ಹಾಕಿ ಇಂಥ ಮಡುಗಳನ್ನು ಹಾಳು ಮಾಡುತ್ತಾರೆ, ಆದ್ದರಿಂದ ಕೆಂಗಲ್ಲ ಮಡುವಿನಲ್ಲಿ ಅಪ್ಪಣೆಯಿಲ್ಲದೆ ಯಾರೂ ಮೀನು ಹಿಡಿಯಕೂಡದು ಎಂದು ಬರೆದ ಹಲಗೆಯನ್ನು ಮತ್ತಿಮರಕ್ಕೆ ಹೊಡೆದರು. ಬಲೆಯನ್ನೇ ಕಾಣದ ಮಡು ಅದು. ಜೊತೆಗೆ ಅಂಕಯ್ಯನಿಗೆ ಕಾವಲುಗಾರನ ರುಮಾಲು, ಹಿತ್ತಾಳೆ ಬಿಲ್ಲೆ, ಮತ್ತು ಇನಾಮೆಂದು ಆ ರೇಷ್ಮೆ ದಾರ.

"ಬೇಡ ಅನ್ನು," ಎಂದಳು ಹೆಂಡತಿ ರಾಚಮ್ಮ.

"ನಾನು ಬೇಡ ಅಂದ್ರೆ ಹೊರಗಿನವನ್ನ ತಂದು ಕೂರಿಸ್ತಾರೆ. ನಾನಿದ್ರೆ ಕಂಡೂ ಕಾಣ್ದಂಗೆ ಇರಬೋದು," ಎಂದ ಅಂಕಯ್ಯ. ಅದನ್ನು ಅವನು ನಿಜವಾಗಿಯೂ ನಂಬಿದ್ದ.

ಅವನು ಕಾವಲಿಗೆ ನಿಂತ ನಾಲ್ಕನೆಯ ಬೆಳಿಗ್ಗೆ ದೇವಯ್ಯ ಎಂದಿನಂತೆ ಗಾಳ ಹಿಡಿದು ಬಂದು ಬಂಡೆಯ ಮೇಲೆ ಕುಳಿತ.

"ಏಳಣ್ಣ," ಎಂದ ಅಂಕಯ್ಯ.

"ಇವತ್ತು ನನ್ನ ಸರದಿ ಕಣ್ಲಾ."

"ಚಿಕ್ಕಬಸಪ್ಪ ಯಾವಾಗ ಬೇಕಾರೂ ಬರ್ತಾನೆ. ನನ್ನ ಕೆಲಸ ಹೋಯ್ತದೆ."

"ನಿನ್ನ ಕೆಲಸವಾ?" ದೇವಯ್ಯ ತಮ್ಮನ ಎದೆಯ ಬಿಲ್ಲೆಯನ್ನು ನೋಡಿದ. "ಬರ್ಲಿ ಬುಡು, ಇಬ್ಬರೂ ಸೇರಿ ಹಿಡೀರಿ ನನ್ನ."

ಅಂಕಯ್ಯ ಅಣ್ಣನ ಕೈಯಿಂದ ಗಾಳದ ಬಿದಿರು ಕಿತ್ತುಕೊಂಡು ಮೊಣಕಾಲಿಗೆ ಕೊಟ್ಟು ಮುರಿದ. ಆಮೇಲೆ ತಿರುಗಿ ದಾರಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ದೇವಯ್ಯ ಮುರಿದ ತುಂಡುಗಳನ್ನು ಆಯ್ದುಕೊಂಡು ಹೋದ. ಅವನು ಮತ್ತೆ ತಮ್ಮನ ಹೊಸ್ತಿಲು ತುಳಿಯಲಿಲ್ಲ.

ಎರಡು ಬೇಸಿಗೆಯ ಮೇಲೆ ಸಾಹೇಬರಿಗೆ ಶಿವಮೊಗ್ಗಕ್ಕೆ ವರ್ಗವಾಯಿತು. ಆಮೇಲೆ ಗಾಳ ಹಿಡಿದು ಯಾವ ಅಧಿಕಾರಿಯೂ ಬರಲಿಲ್ಲ. ಹಲಗೆ ಮಾತ್ರ ಇತ್ತು, ಹುಕುಂ ಇತ್ತು. ಹನ್ನೆರಡು ಮನೆಗಳಲ್ಲಿ ಐದು ಕೂಲಿ ಹುಡುಕಿ ಕೊಡಗಿನ ತೋಟಗಳಿಗೆ ಹೋದವು. ಅಂಕಯ್ಯ ಹದಿಮೂರು ವರ್ಷ ಯಾರೂ ತಿನ್ನದ ಮೀನು ಕಾದ. ರೇಷ್ಮೆ ದಾರವನ್ನು ಅವನು ಒಂದು ದಿನವೂ ನೀರಿಗೆ ಹಾಕಲಿಲ್ಲ. ರಾಚಮ್ಮ ಅದನ್ನು ಹಿತ್ತಲಲ್ಲಿ ಕಟ್ಟಿ ಸೀರೆ ಒಣಹಾಕುತ್ತಿದ್ದಳು.

ದೇವಯ್ಯ ಸತ್ತಿದ್ದು ನಲವತ್ತನಾಲ್ಕನೆಯ ಇಸವಿಯಲ್ಲಿ. ಮಕ್ಕಳಿಲ್ಲದ ಅಣ್ಣನಿಗೆ ತಮ್ಮನೇ ಎಲ್ಲ ಮಾಡಬೇಕು. ಆ ವರ್ಷದ ಪಿತೃಪಕ್ಷದಲ್ಲಿ ಎಡೆ ಇಡುವಾಗ ಮಡುವಿನ ಮೀನು ಇರಬೇಕಿತ್ತು, ಅವರ ಮನೆಯ ನಡವಳಿಕೆ ಅದು. ಅಂಕಯ್ಯ ಬೆಳಗಾಗುವ ಮೊದಲೇ ಗಾಳ ಹಿಡಿದು ಬಂಡೆಯವರೆಗೆ ಹೋದನಂತೆ. ಹಲಗೆಯ ಕೆಳಗೆ ನಿಂತಿದ್ದು, ಬಿಸಿಲೇರಿದ ಮೇಲೆ ಬರಿಗೈಯಲ್ಲಿ ಹುಣಸೂರಿನ ಸಂತೆಯ ಕಡೆಗೆ ನಡೆದನಂತೆ. ಎಷ್ಟೋ ವರ್ಷಗಳ ಮೇಲೆ, ಆ ಹಲಗೆಯ ವಿಷಯ ಕೇಳಲು ಅವರ ಮನೆಗೆ ಹೋಗಿದ್ದ ನನಗೆ ರಾಚಮ್ಮ ಇದನ್ನು ಹೇಳುವಾಗ ಅಂಕಯ್ಯ ಪಕ್ಕದಲ್ಲೇ ಕುಳಿತು ನೆಲ ನೋಡುತ್ತಿದ್ದ.

ಎಡೆಯ ಆ ಸಂಜೆ ಅವನು ಎಲೆಯ ಮೇಲೆ ಸಂತೆಯಿಂದ ತಂದ ಒಣಮೀನು ಇಟ್ಟು ಕೈ ಮುಗಿದ.

ರಾಚಮ್ಮ ಎಲೆಯನ್ನೇ ನೋಡಿ ಹೇಳಿದಳು: "ನಿಮ್ಮಣ್ಣ ಒಣಮೀನು ಮುಟ್ತಿರ್ಲಿಲ್ಲ."

"ಗೊತ್ತು," ಎಂದ ಅಂಕಯ್ಯ.